ಔಷಧ ಹಾಕಿದರೆ ಸಾವು ಇಳೀತದ, ನಿಲ್ಲಿಸಿದರೆ ಏರ್ತದ: 27 ದಿನದ ಬ್ರಾಯ್ಲರ್, ಚಿತ್ತಾಪುರ ತಾಲ್ಲೂಕು

ಕಾಗಿಣಾ_ದಂಡಿ

80×25 ಅಡಿ ಶೆಡ್ಡು, 2000 ಮರಿ ಇಳಿಸಿದ್ದು, ಇವತ್ತಿಗೆ 27 ದಿನ. ನೆಲ ಶಹಾಬಾದಿ ಫರಸಿ, ಅದರ ಮೇಲೆ ಭತ್ತದ ಹೊಟ್ಟು ಎರಡು ಇಂಚು. ಬೋರಿನ ನೀರು, 500 ಲೀಟರ್ ಟ್ಯಾಂಕಿ, ನಿಪ್ಪಲ್ ಲೈನು (ಕೋಳಿ ಕುಟುಕಿ ಕುಡಿಯೋ ನಳಿಗಳ ಪೈಪು).

ಮೊದಲ 19 ದಿನದಾಗ ಒಟ್ಟು 38 ಹೋಗಿದ್ದವು, ಅದಕ್ಕೇನೂ ತಕರಾರಿಲ್ಲ. 18ನೇ ದಿನ ಲಸೋಟಾ (ರಾಣಿಖೇತ್ ರೋಗದ ಲಸಿಕೆ) ನೀರಿನಾಗ ಕೊಟ್ಟದ್ದು. 20ನೇ ದಿನದಿಂದ ರಾತ್ರಿ ಲೈಟ್ ಆರಿಸಿ ನಿಂತರೆ ಗೊರಗೊರ ಸಪ್ಪಳ, ನಡುನಡುವೆ ಸೀನು. ಸಾವಿನ ಲೆಕ್ಕ: 20ನೇ ದಿನ 4, ಆಮೇಲೆ 9, 14. ಅಂಗಡಿಯವರು ಎನ್ರೋಫ್ಲಾಕ್ಸಾಸಿನ್ 10% ಅನ್ನೋ ಆ್ಯಂಟಿಬಯೋಟಿಕ್ ಕೊಟ್ಟರು, ಎರಡು ಲೀಟರಿಗೆ 1 ಮಿ.ಲೀ. ಲೆಕ್ಕದಾಗ 3 ದಿನ. ಜೊತೆಗೆ ಅದೇ ಟ್ಯಾಂಕಿಗೆ ಆ್ಯಸಿಡಿಫೈಯರ್ (ನೀರು ಹುಳಿ ಮಾಡೋ ದ್ರಾವಣ), ಲಿವರ್ ಟಾನಿಕ್. ಆ ಮೂರು ದಿನ 11, 8, 5 ಆಯ್ತು. ನಿಲ್ಲಿಸಿದ ಮರುದಿನ 7, ಇವತ್ತು 16.

ಸತ್ತದ್ದರಾಗ ನಾಲ್ಕು ಕೊಯ್ದು ನೋಡಿದರೆ ಹೃದಯದ ಸುತ್ತ, ಲಿವರ್ ಮೇಲೆ ಬಿಳಿ-ಹಳದಿ ಪೊರೆ. ರಾತ್ರಿ ಚಳಿ ಬಾಳ ಅದ, ಸಂಜೆ 6ಕ್ಕೆ ನಾಲ್ಕೂ ಕಡೆ ಗೋಣಿತಟ್ಟು, ತಾಡಪತ್ರಿ ಇಳಿಸಿ ಬೆಳಿಗ್ಗೆ 8ಕ್ಕೆ ಎತ್ತೋದು. ಇನ್ನೊಂದು ಮಾತು: ಟ್ಯಾಂಕಿ ತೊಳೆಯುವಾಗ ತಳದಾಗ ಬಿಳಿ ಗಸಿ ಇತ್ತು, ಬೋರಿನ ಸುಣ್ಣ ಇರಬೇಕು.

ಅದೇ ಔಷಧ ಮತ್ತೆ 5 ದಿನ ಹಾಕಬೇಕಾ, ಬೇರೆ ಬದಲಿಸಬೇಕಾ?

ನಂದಿನಗರ_ವೆಟ್

ಆ ಬಿಳಿ ಗಸಿಯನ್ನು ಕೊನೆಗೆ ಹೇಳಿದ್ದೀರಿ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಅದರಲ್ಲಿ ಸುಣ್ಣ ಸ್ವಲ್ಪ ಇರಬಹುದು, ಆದರೆ ಬಹುಪಾಲು ನಿಮ್ಮ ಔಷಧವೇ. ಎನ್ರೋಫ್ಲಾಕ್ಸಾಸಿನ್ ದ್ರಾವಣವನ್ನು ಕ್ಷಾರದಲ್ಲಿ ಕರಗಿಸಿ ಬಾಟಲಿಗೆ ತುಂಬಿರುತ್ತಾರೆ. ಅದೇ ಟ್ಯಾಂಕಿಗೆ ಆ್ಯಸಿಡಿಫೈಯರ್ ಬಿದ್ದರೆ ಹಾಲಿಗೆ ಹುಳಿ ಹಿಂಡಿದಂತೆ ಒಡೆದು ತಳ ಸೇರುತ್ತದೆ. ಅದರ ಮೇಲೆ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಔಷಧವನ್ನು ಹಿಡಿದಿಟ್ಟುಕೊಳ್ಳುತ್ತವೆ, ಕರುಳಿನಿಂದ ರಕ್ತಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಸೇಡಂ-ಚಿತ್ತಾಪುರದ ಕಡೆ ನೆಲದಡಿ ಇರುವುದೇ ಸುಣ್ಣದ ಕಲ್ಲು, ಬೋರಿನ ನೀರು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಟಾನಿಕ್‌ನಲ್ಲಿ ಖನಿಜಾಂಶ ಇದ್ದರೆ ಅದೂ ಇದೇ ಕೆಲಸ ಮಾಡುತ್ತದೆ.

ನಿಮ್ಮ ಅಳತೆ ತಪ್ಪಿಲ್ಲ. 22ನೇ ದಿನ ಸರಾಸರಿ 850 ಗ್ರಾಂ ಹಿಡಿದರೆ ಸುಮಾರು 1950 ಕೋಳಿಗೆ 1650 ಕೆಜಿ ತೂಕ. ಕೆಜಿಗೆ 10 ಮಿ.ಗ್ರಾಂ ಅಂದರೆ 16.5 ಗ್ರಾಂ, 10% ದ್ರಾವಣದಲ್ಲಿ 165 ಮಿ.ಲೀ. ದಿನಕ್ಕೆ 330-350 ಲೀಟರ್ ಕುಡಿಯುವ ಕೋಳಿಗೆ ಎರಡು ಲೀಟರಿಗೆ ಒಂದು ಮಿ.ಲೀ. ಸರಿಯಾಗಿಯೇ ಕೂರುತ್ತದೆ. ಕಾಗದದ ಮೇಲೆ ಪೂರ್ತಿ ಡೋಸ್, ಕೋಳಿಯ ಹೊಟ್ಟೆಗೆ ಹೋದದ್ದು ಅರೆಬರೆ. ಅರೆಬರೆ ಡೋಸಿಗೆ ಮೆತ್ತಗಿನ ರೋಗಾಣು ಸಾಯುತ್ತದೆ, ಗಟ್ಟಿ ಉಳಿಯುತ್ತದೆ. ನಿಮ್ಮ 11, 8, 5, 7, 16 ಹೇಳುತ್ತಿರುವುದೂ ಅದನ್ನೇ.

ಈಗ ರೋಗದ ಮಾತು. ಲಸೋಟಾ ಆದ ಎರಡು-ಮೂರು ದಿನಕ್ಕೆ ಗೊರಗೊರ, ಆಮೇಲೆ ಹೃದಯ-ಲಿವರ್ ಮೇಲೆ ಕೆನೆಯಂಥ ಪೊರೆ. ಇದು ಬರೀ ಸಿಆರ್‌ಡಿ (ಮೈಕೋಪ್ಲಾಸ್ಮಾ ಎಂಬ ರೋಗಾಣು ತರುವ ಉಸಿರಾಟದ ರೋಗ) ಅಲ್ಲ, ಸಿಆರ್‌ಡಿ ಮೇಲೆ ಇ. ಕೋಲಿ ಎಂಬ ಇನ್ನೊಂದು ರೋಗಾಣು ಕೂತಿದೆ. ಕೋಳಿಯ ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ರೋಮಗಳಿವೆ, ಒಳಗೆ ಬಂದ ಧೂಳನ್ನೂ ರೋಗಾಣುವನ್ನೂ ಕಫದ ಜೊತೆ ಮೇಲಕ್ಕೆ ದೂಡುವುದೇ ಅವುಗಳ ಕೆಲಸ. ಅಮೋನಿಯಾ ಆ ರೋಮಗಳನ್ನು ನಿಲ್ಲಿಸುತ್ತದೆ. ಮೈಕೋಪ್ಲಾಸ್ಮಾ ಅಲ್ಲೇ ಅಂಟಿ ಕೂರುತ್ತದೆ. ಲಸೋಟಾ ಜೀವಂತ ವೈರಸ್, ಆರೋಗ್ಯದ ಕೋಳಿಯಲ್ಲಿ ಎರಡು ದಿನ ಸೀನು ತರಿಸಿ ಹೋಗುವಂಥದ್ದು, ಇಂಥ ಗಂಟಲಲ್ಲಿ ಮಾತ್ರ ಹುಣ್ಣಿನ ಮೇಲೆ ಬರೆ. ಆಗ ಲಿಟರ್ (ನೆಲಕ್ಕೆ ಹಾಸಿದ ಹೊಟ್ಟು) ಧೂಳಿನಲ್ಲಿ ಯಾವಾಗಲೂ ಇರುವ ಇ. ಕೋಲಿ ಸೀದಾ ಗಾಳಿಚೀಲಕ್ಕೆ ಇಳಿಯುತ್ತದೆ. ಗಾಳಿಚೀಲದ ಪೊರೆಗೆ ರಕ್ತನಾಳ ಬಹಳ ಕಡಿಮೆ, ಔಷಧ ಅಲ್ಲಿಗೆ ಮುಟ್ಟುವುದೂ ಕಡಿಮೆ.

ಹಾಗಾಗಿ ಹೃದಯಕ್ಕೆ ಪೊರೆ ಕಟ್ಟಿ ಮೂಲೆಯಲ್ಲಿ ಗರಿ ಕೆದರಿ ಕೂತ ಕೋಳಿಯನ್ನು ಯಾವ ಔಷಧವೂ ಎಬ್ಬಿಸುವುದಿಲ್ಲ. ಅವನ್ನು ದಿನಾ ಎರಡು ಸಲ ಆರಿಸಿ ತೆಗೆಯಿರಿ. ಔಷಧ ಏನಿದ್ದರೂ ಇನ್ನೂ ಬೀಳದ ಕೋಳಿಗೆ.

ರಾಣಿಖೇತ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಗಟ್ಟಿ ಜಠರದ ಮುಂದಿನ ಮೆತ್ತನೆಯ ಚೀಲವನ್ನು ಸೀಳಿ ತೊಳೆದರೆ ಒಳಗೆ ಸಣ್ಣ ಮೊಲೆತೊಟ್ಟಿನಂಥ ಗ್ರಂಥಿಗಳು ಕಾಣುತ್ತವೆ. ಅವುಗಳ ತುದಿಯಲ್ಲಿ ರಕ್ತದ ಚುಕ್ಕೆ ಇದ್ದರೆ, ಹಸಿರು ಭೇದಿ, ಕತ್ತು ತಿರುಚುವುದು ಇದ್ದರೆ ರಾಣಿಖೇತ್ ಕಡೆ ಅನುಮಾನ ಹೋಗಬೇಕು. ಲಿವರ್ ಕಂಚಿನ ಹಸಿರು ಬಣ್ಣಕ್ಕೆ ತಿರುಗಿ ಊದಿದ್ದರೆ ಫೌಲ್ ಟೈಫಾಯ್ಡ್, ಅದು ಸಾಲ್ಮೊನೆಲ್ಲಾ. ಲಿವರ್ ಮೇಲೆ ಸೂಜಿಮೊನೆಯಂಥ ಬಿಳಿ ಚುಕ್ಕೆ, ಮೈತುಂಬಿದ ಕೋಳಿಯೇ ಇದ್ದಕ್ಕಿದ್ದಂತೆ ಸತ್ತಿದ್ದರೆ ಫೌಲ್ ಕಾಲರಾ. ಕರುಳು ಗಾಳಿ ತುಂಬಿ ಉಬ್ಬಿ, ಒಳಮೈ ಒರಟು ಟವೆಲ್‌ನಂತೆ ಇದ್ದರೆ ಕ್ಲಾಸ್ಟ್ರಿಡಿಯಂ ರೋಗಾಣು, ಅದರ ಹಿಂದೆ ಹೆಚ್ಚಾಗಿ ಕಾಕ್ಸಿ (ಕರುಳಿನ ಪರಾವಲಂಬಿ ರೋಗ) ಇರುತ್ತದೆ. ನೀವು ಹೇಳಿದ ಪೊರೆ ಇವ್ಯಾವುದೂ ಅಲ್ಲ.

ಇನ್ನೊಂದು ಹನಿ ಔಷಧ ಹಾಕುವ ಮೊದಲು ಸ್ಯಾಂಪಲ್ ಕೊಡಿ. ಸಾಯಲು ಬಿದ್ದ ಮೂರು-ನಾಲ್ಕು ಕೋಳಿ ಜೀವಂತ ತಂದರೆ ಉತ್ತಮ. ಸತ್ತದ್ದಾದರೆ ಸತ್ತು ನಾಲ್ಕು ತಾಸಿನೊಳಗಿನದು, ಐಸ್ ಮೇಲಿಟ್ಟು, ಫ್ರೀಜರ್‌ನಲ್ಲಿ ಗಡ್ಡೆ ಕಟ್ಟಿಸದೆ. ದಾರಿ ದೂರವಾದರೆ ತೊಡೆಯ ಎಲುಬನ್ನು ಮುರಿಯದೆ ಇಡಿಯಾಗಿ ಬಿಡಿಸಿ ತನ್ನಿ, ಒಳಗಿನ ಮಜ್ಜೆಗೆ ಹೊರಗಿನ ಕೊಳಕು ಬೇಗ ತಾಗುವುದಿಲ್ಲ. ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಕಲ್ಚರ್ (ರೋಗಾಣು ಬೆಳೆಸಿ ಗುರುತಿಸುವುದು), ಸೆನ್ಸಿಟಿವಿಟಿ (ಅದಕ್ಕೆ ಯಾವ ಔಷಧ ತಾಗುತ್ತದೆ ಅಂತ ನೋಡುವುದು) ಎರಡನ್ನೂ ಕೇಳಿ. ರಿಪೋರ್ಟಿಗೆ ಎರಡು-ಮೂರು ದಿನ ಹಿಡಿಯುತ್ತದೆ.

ಸೇಡಂ_2010

ರಿಪೋರ್ಟ್ ಬರೋತನ ಕಾಯ್ಕೊಂತ ಕೂತರೆ ಶೆಡ್ಡೇ ಖಾಲಿ ಆಗ್ತದ್ರಿ. ಕೊಲಿಸ್ಟಿನ್ ಹಾಕ್ರಿ, ಕೋಲಿಗೆ ಅದರಂಥದ್ದು ಬ್ಯಾರೆ ಇಲ್ಲ. ಗೊರಗೊರಕ್ಕೆ ಟಿಯಾಮುಲಿನ್.

ನಂದಿನಗರ_ವೆಟ್

ಎರಡೂ ಬೇಡ. ಕೊಲಿಸ್ಟಿನ್ ಅನ್ನು ಆಹಾರಕ್ಕೆ ಸಾಕುವ ಪ್ರಾಣಿ-ಕೋಳಿಗಳಿಗಾಗಿ ತಯಾರಿಸಿ ಮಾರುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲೇ ನಿಷೇಧಿಸಿದೆ. ಮನುಷ್ಯರ ಐಸಿಯುನಲ್ಲಿ ಕೊನೆಗೆ ಉಳಿಯುವ ಔಷಧ ಅದು. ಕಾನೂನಿನ ಮಾತು ಬಿಟ್ಟರೂ, ಬಾಯಿಂದ ಕೊಟ್ಟ ಕೊಲಿಸ್ಟಿನ್ ಕರುಳು ದಾಟಿ ರಕ್ತಕ್ಕೆ ಹೋಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಇಲ್ಲಿ ರೋಗ ಇರುವುದು ಹೃದಯದ ಚೀಲದಲ್ಲಿ.

ಟಿಯಾಮುಲಿನ್ ಇನ್ನೂ ಅಪಾಯ. ಬ್ರಾಯ್ಲರ್ ಫೀಡಿನ ಚೀಲದ ಲೇಬಲ್ ಓದಿ. ಕಾಕ್ಸಿ ತಡೆಗೆ ಸಲಿನೋಮೈಸಿನ್ ಅಥವಾ ಮೊನೆನ್ಸಿನ್ ಹಾಕಿದ್ದರೆ ಟಿಯಾಮುಲಿನ್ ಜೊತೆ ಅದು ವಿಷವಾಗುತ್ತದೆ, ಕೋಳಿ ಕಾಲು ಸೋತು ಎದೆಯ ಮೇಲೆ ಬೀಳುತ್ತದೆ. ಆಮೇಲೆ ಅದನ್ನು ಹೊಸ ರೋಗ ಅಂತ ತಿಳಿದು ಇನ್ನೊಂದು ಬಾಟಲಿ ತರುತ್ತಾರೆ.

ಆಳಂದ_ರಸ್ತೆ

ಔಷಧದ ಮಾತು ಡಾಕ್ಟರ್ ಹೇಳ್ಯಾರ. ಇವತ್ತು ರಾತ್ರಿಯಿಂದಲೇ ಮಾಡೋದು ಬ್ಯಾರೆ ಅದ, ಅದಕ್ಕ ರೊಕ್ಕ ಹತ್ತಂಗಿಲ್ಲ.

ಬೆಳಿಗ್ಗೆ 8ಕ್ಕೆ ಪಡದಾ ಎತ್ತಿದ ಮ್ಯಾಲೆ ಒಳಗ ಹೋದರ ನಿಮಗ ಏನೂ ವಾಸನಿ ಬರಂಗಿಲ್ಲ. ನಸುಕಿನ 5ಕ್ಕೆ, ಪಡದಾ ಮುಚ್ಚಿದ್ದಾಗಲೇ ಒಳಗ ಹೋಗಿ ಶೆಡ್ಡಿನ ನಡುವ ಕುಕ್ಕರಗಾಲಿಲೆ ಕೂಡ್ರಿ. ಮೂಗು ಕೋಳಿ ಮೂಗಿನ ಮಟ್ಟಕ್ಕ ಬರಬೇಕು. ಎರಡು ನಿಮಿಷ ಕೂತು ಕಣ್ಣಾಗ ನೀರು ಬಂದ್ವು ಅಂದರ ಅಮೋನಿಯಾ ಮಿತಿ ಮೀರಿ ಹೋಗ್ಯಾದ. 25 ಪಿಪಿಎಂ (ಹತ್ತು ಲಕ್ಷ ಪಾಲಿನಾಗ 25 ಪಾಲು) ದಾಟಬಾರದು, ಕಣ್ಣು ಉರಿಯೋ ಹೊತ್ತಿಗೆ ಅದರ ಎರಡು ಪಟ್ಟು ಆಗಿರ್ತದ. ದಿನಾ ಶೆಡ್ಡಿನಾಗೇ ಇರೋರ ಮೂಗು ನಂಬಬ್ಯಾಡ್ರಿ, ಅದಕ್ಕ ರೂಢಿ ಆಗಿರ್ತದ. ಹೊರಗಿನವರೊಬ್ಬರನ್ನ ಕೂಡಿಸ್ರಿ.

ಎಳ್ಳ ಅಮಾಸಿ ಮುಂದ ನಮ್ಮ ಕಡಿ ಎಲ್ಲಾರೂ ಇದೇ ತಪ್ಪು ಮಾಡ್ತಾರ. ಚಳಿ ಅಂತ ಮರಿ ಕೂಡಿಟ್ಟಂಗ 4 ವಾರದ ಕೋಳಿನೂ ಕೂಡಿಡ್ತಾರ. 27 ದಿನದ ಕೋಳಿಗೆ 23-25 ಡಿಗ್ರಿ ಸಾಕು, ಅದರ ಮೈಕಾವೇ ಅರ್ಧ ಕೆಲಸ ಮಾಡ್ತದ. ಪಡದಾ ಮ್ಯಾಲೆ, ಛಾವಣಿ ಅಂಚಿಗೆ, ಎರಡೂ ಉದ್ದನೆ ಬದಿಗೆ ಒಂದರಿಂದ ಒಂದೂವರೆ ಅಡಿ ಸಂದು ರಾತ್ರಿಯಿಡೀ ಬಿಡ್ರಿ. ಬಿಸಿ, ಒದ್ದಿ, ವಾಸನಿ ಇರೋ ಗಾಳಿ ಮ್ಯಾಲಿಂದ ಹೋಗ್ತದ, ಥಂಡಿ ಗಾಳಿ ಸೀದಾ ಕೋಳಿ ಮ್ಯಾಲೆ ಬೀಳಂಗಿಲ್ಲ. ಪಡದಾ ಕೆಳಗಿಂದ ಎತ್ತಿಬಿಟ್ಟರ ಉಲ್ಟಾ ಆಗ್ತದ, ಥಂಡಿ ಗಾಳಿ ಕೋಳಿ ಕಾಲಿಗೆ ಹೊಡೀತದ, ಎಲ್ಲಾ ಒಂದು ಮೂಲಿಗೆ ಗುಂಪು ಕೂಡ್ತಾವ. ಮ್ಯಾಲಿಂದ ಕಟ್ಟಿದ ಗೋಣಿತಟ್ಟು ಇದ್ದರ ಅದನ್ನ ಒಂದೂವರೆ ಅಡಿ ಕೆಳಗ ಇಳಿಸಿ ಬ್ಯಾರೆ ಹಗ್ಗಕ್ಕ ಕಟ್ರಿ. ತಾಡಪತ್ರಿ ಒಳಗಿನ ಮೈಮ್ಯಾಲೆ ಬೆಳಿಗ್ಗೆ ನೀರಿನ ಹನಿ ಕೂತಿದ್ದರ ಗಾಳಿ ಸಾಲವಲ್ದು ಅಂತ ಅರ್ಥ.

ಲಿಟರ್ ಮುಷ್ಟಿಯಾಗ ಹಿಡದು ಹಿಚುಕ್ರಿ. ಬಿಟ್ಟ ಕೂಡಲೇ ಉದುರಿದರ ಛಲೋ. ಉಂಡಿ ಹಂಗೇ ನಿಂತರ ಒದ್ದಿ ಅದ. ನಿಪ್ಪಲ್ ಲೈನಿನ ಕೆಳಗಿನ ಗಡ್ಡಿ ಕಟ್ಟಿದ್ದನ್ನ ಬುಟ್ಟಿಲೆ ಹೊರಗ ಹಾಕಿ ಹೊಸ ಹೊಟ್ಟು ಹಾಕ್ರಿ, ಉಳಿದದ್ದು ದಿನಾ ಮಧ್ಯಾಹ್ನ ಪಡದಾ ಪೂರಾ ತೆಗೆದು ಕೆದರ್ರಿ. ಎರಡು ಇಂಚು ಈ ಚಳಿಗೆ ಕಡಿಮಿ, ಮೂರಕ್ಕ ಏರಿಸ್ರಿ. ಶಹಾಪುರ-ಸುರಪುರದ ರೈಸ್ ಮಿಲ್ಲಿನ ಹೊಟ್ಟು ಈಗ ಸುಗ್ಗಿ ಕಾಲಕ್ಕ ಸಸ್ತಾ ಸಿಗ್ತದ, ಆದರ ಮಳಿಗೆ ತೋಯ್ದು ಬೂಸ್ಟು ಹಿಡಿದದ್ದು ತರಬ್ಯಾಡ್ರಿ, ಬೂಸ್ಟು ಪುಪ್ಪುಸಕ್ಕ ಇಳೀತದ.

ಒಂದು ಎಚ್ಚರ: ಒದ್ದಿ ಲಿಟರಿಗೆ ಸುಣ್ಣ ಉಗ್ಗಿ ಸಂಜಿಗೆ ಪಡದಾ ಮುಚ್ಚೋದು. ಸುಣ್ಣ ಬಿದ್ದ ಕೂಡಲೇ ಲಿಟರಿನಾಗಿನ ಅಮೋನಿಯಾ ಭಗ್ ಅಂತ ಮ್ಯಾಲೆ ಬರ್ತದ. ಹಾಕೋದೇ ಇದ್ದರ ಮುಂಜಾನಿ ಹಾಕಿ, ಕೆದರಿ, ದಿನವಿಡೀ ಗಾಳಿ ಬಿಡ್ರಿ.

ಕಾಗಿಣಾ_ದಂಡಿ

ನಸುಕಿಗೆ ಕೂತು ನೋಡಿದೆ, ಒಂದೇ ನಿಮಿಷಕ್ಕೆ ಕಣ್ಣು ಉರಿ. ಆವತ್ತೇ ಮೇಲಿನ ಸಂದು ಬಿಟ್ಟೆವು, ಗಡ್ಡಿ ಲಿಟರ್ ತೆಗೆದೆವು. ಔಷಧ ಏನೂ ಹಾಕದೆ ಮೂರು ದಿನದ ಸಾವು 13, 10, 8. ಇವತ್ತು 30ನೇ ದಿನ.

ರಿಪೋರ್ಟ್ ಬಂತು. ಇ. ಕೋಲಿ ಸಿಕ್ಕಿದೆ. ಎನ್ರೋಫ್ಲಾಕ್ಸಾಸಿನ್ ಮಧ್ಯಮ, ಆಕ್ಸಿಟೆಟ್ರಾಸೈಕ್ಲಿನ್ ಮತ್ತು ಅಮಾಕ್ಸಿಸಿಲಿನ್ ರೆಸಿಸ್ಟೆಂಟ್, ಜೆಂಟಾಮೈಸಿನ್ ಮತ್ತು ಫ್ಲೋರ್‌ಫೆನಿಕಾಲ್ ಸೆನ್ಸಿಟಿವ್. ಮೈಕೋಪ್ಲಾಸ್ಮಾದ ಹೆಸರೇ ಇಲ್ಲ. ನೀರು: ಪಿಎಚ್ 8.1, ಟಿಡಿಎಸ್ 960, ಲೈನಿನ ತುದಿಯ ಸ್ಯಾಂಪಲ್‌ನಲ್ಲಿ ಕೋಲಿಫಾರ್ಮ್ (ಇ. ಕೋಲಿ ಜಾತಿಯ ರೋಗಾಣು) ಇದೆ, ಬೋರಿನ ಬಾಯಿಯಲ್ಲಿ ಇಲ್ಲ. ಜೆಂಟಾಮೈಸಿನ್ ಪುಡಿ ಸಸ್ತಾ ಸಿಗ್ತದ, ಅದನ್ನೇ ನೀರಿಗೆ ಹಾಕಬಹುದಾ? 40ನೇ ದಿನಕ್ಕೆ ಮಾರಾಟ.

ನಂದಿನಗರ_ವೆಟ್

ಜೆಂಟಾಮೈಸಿನ್ ಬೇಡ. ರಿಪೋರ್ಟಿನಲ್ಲಿ ಸೆನ್ಸಿಟಿವ್ ಅಂದರೆ ತಟ್ಟೆಯಲ್ಲಿ ರೋಗಾಣುವಿಗೆ ಔಷಧ ನೇರವಾಗಿ ತಾಗಿದಾಗ ಅದು ಸತ್ತಿದೆ ಅಂತ ಮಾತ್ರ. ಜೆಂಟಾಮೈಸಿನ್, ನಿಯೋಮೈಸಿನ್ ಎರಡೂ ಕರುಳಿನಿಂದ ರಕ್ತಕ್ಕೆ ಹೀರುವುದಿಲ್ಲ. ನೀರಿನಲ್ಲಿ ಕೊಟ್ಟರೆ ಕರುಳು ತೊಳೆದು ಹಿಕ್ಕೆಯಲ್ಲಿ ಹೋಗುತ್ತವೆ. ಇಂಜೆಕ್ಷನ್ ಕೊಟ್ಟರೆ ಕೆಲಸ ಮಾಡುತ್ತದೆ, ಆದರೆ ಮಾರಾಟಕ್ಕೆ ಹತ್ತು ದಿನ ಉಳಿದ ಹಿಂಡಿಗೆ ಅದನ್ನು ನಾನು ಹೇಳುವುದಿಲ್ಲ, ಮೂತ್ರಪಿಂಡದಲ್ಲಿ ಬಹಳ ಕಾಲ ಉಳಿಯುತ್ತದೆ.

ಮೈಕೋಪ್ಲಾಸ್ಮಾ ಸಾಮಾನ್ಯ ಕಲ್ಚರ್ ತಟ್ಟೆಯಲ್ಲಿ ಬೆಳೆಯುವುದಿಲ್ಲ. ರಿಪೋರ್ಟಿನಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಕೋಳಿಯಲ್ಲಿ ಇಲ್ಲ ಅಂತಲ್ಲ. ಅದಕ್ಕೆ ರಕ್ತದ ಸೀರಂ ತೆಗೆದು ಪ್ಲೇಟ್ ಪರೀಕ್ಷೆ ಬೇರೆ ಮಾಡಿಸಬೇಕು. ಈ ರೋಗಾಣುವಿಗೆ ಕೋಶಭಿತ್ತಿಯೇ ಇಲ್ಲ, ಆದ್ದರಿಂದ ಅಮಾಕ್ಸಿಸಿಲಿನ್ ಜಾತಿಯ ಔಷಧ ಎಷ್ಟು ಕೊಟ್ಟರೂ ತಾಗದು. ಟೈಲೋಸಿನ್ ತಾಗುತ್ತದೆ, ಆದರೆ ಇ. ಕೋಲಿಗೆ ಟೈಲೋಸಿನ್ ಏನೂ ಮಾಡುವುದಿಲ್ಲ. ಹಾಗಾದರೆ ಟೈಲೋಸಿನ್, ಫ್ಲೋರ್‌ಫೆನಿಕಾಲ್ ಎರಡನ್ನೂ ಕೂಡಿಸೋಣ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಎರಡೂ ರೋಗಾಣುವಿನ ರೈಬೋಸೋಮಿನ ಒಂದೇ ಭಾಗಕ್ಕೆ ಅಂಟುವ ಔಷಧಗಳು, ಒಂದರ ಜಾಗ ಇನ್ನೊಂದು ಕಸಿಯುತ್ತದೆ.

ಗಾಳಿ ಸರಿ ಮಾಡಿದ ಮೇಲೆ ಔಷಧವಿಲ್ಲದೆ 16ರಿಂದ 8ಕ್ಕೆ ಇಳಿದಿದೆ. ನಿಮ್ಮ ತಾಲ್ಲೂಕಿನ ಪಶುವೈದ್ಯರು ಕೋಳಿ ನೋಡಿ, ಇನ್ನೂ ಗೊರಗೊರ ಇದೆ ಅಂತ ಚೀಟಿ ಬರೆದರೆ ಫ್ಲೋರ್‌ಫೆನಿಕಾಲ್, ಕೆಜಿಗೆ 20 ಮಿ.ಗ್ರಾಂ. ಈಗ 1850 ಕೋಳಿ, 1.4 ಕೆಜಿ ಸರಾಸರಿ, ಸುಮಾರು 2600 ಕೆಜಿ. ದಿನಕ್ಕೆ 52 ಗ್ರಾಂ ಔಷಧ, 10% ದ್ರಾವಣ 520 ಮಿ.ಲೀ. ಮೊದಲು ಒಂದು ಬಕೆಟ್ ನೀರಿನಲ್ಲಿ ಚೆನ್ನಾಗಿ ಕಲಕಿ ಆಮೇಲೆ ಟ್ಯಾಂಕಿಗೆ. ಟ್ಯಾಂಕಿಯಲ್ಲಿ ಅದೊಂದೇ ಇರಲಿ, ಕ್ಲೋರಿನ್ನೂ ಇಲ್ಲ, ಟಾನಿಕ್ಕೂ ಇಲ್ಲ. ಅವತ್ತೇ ಕುಡಿದು ಮುಗಿಯುವಷ್ಟು ನೀರು ಮಾತ್ರ ತುಂಬಿ. ಐದು ದಿನ ಪೂರ್ತಿ, ಮೂರನೇ ದಿನ ಸಾವು ನಿಂತರೂ.

ಇವತ್ತು ಶುರುವಾದರೆ 34ನೇ ದಿನಕ್ಕೆ ಮುಗಿಯುತ್ತದೆ. ಬಾಟಲಿ ಮೇಲಿನ ವಿತ್‌ಡ್ರಾವಲ್ ದಿನ (ಔಷಧ ನಿಲ್ಲಿಸಿ ಮಾರುವ ಮೊದಲು ಕಾಯಬೇಕಾದ ದಿನ) ಎಷ್ಟಿದೆಯೋ ಅಷ್ಟು ದಿನ ಕೊನೆಯ ಡೋಸಿನಿಂದ ಎಣಿಸಿ. ಅದು 40 ದಾಟಿದರೆ ಮಾರಾಟವೇ ಮುಂದಕ್ಕೆ ಹೋಗಬೇಕು, ಅಥವಾ ಔಷಧವನ್ನೇ ಕೈಬಿಡಬೇಕು. 8 ಸಾವು ನಾಳೆ 5ಕ್ಕೆ ಬಂದರೆ ನಾನಾದರೆ ಕೈಬಿಡುತ್ತೇನೆ.

ಭೀಮಾ_ಲೇಯರ್_ಯಾದಗಿರಿ

ಬೋರಿನ ಬಾಯಿ ಶುದ್ಧ, ಲೈನಿನ ತುದಿ ಕೊಳಕು. ಅಂದರೆ ರೋಗಾಣು ಪೈಪಿನೊಳಗೇ ಮನೆ ಮಾಡಿದೆ. ಟಾನಿಕ್‌ನ ಸಕ್ಕರೆ, ವಿಟಮಿನ್ ಪೈಪಿನ ಒಳಮೈಗೆ ಲೋಳೆಯಾಗಿ ಅಂಟುತ್ತದೆ, ಅದರಡಿ ಇ. ಕೋಲಿ ಕೂರುತ್ತದೆ. ಲೈನಿನ ಕೊನೆಯ ಮುಚ್ಚಳ ಬಿಚ್ಚಿ ಒಳಗೆ ಬೆರಳಾಡಿಸಿ, ಜಾರಿದರೆ ಅದೇ.

ಕೋಳಿ ಇರುವಾಗ ಮಾಡಬಹುದಾದ್ದು ಇಷ್ಟೇ: ದಿನಾ ಒಂದು ಸಲ ತುದಿ ಬಿಚ್ಚಿ ಜೋರಾಗಿ ನೀರು ಬಿಡುವುದು, ಔಷಧವಿಲ್ಲದ ದಿನಗಳಲ್ಲಿ ಕ್ಲೋರಿನ್. 30% ಬ್ಲೀಚಿಂಗ್ ಪುಡಿಯಾದರೆ 500 ಲೀಟರಿಗೆ 7 ಗ್ರಾಂ, ಸುಮಾರು 4 ಪಿಪಿಎಂ. ಸೀದಾ ಸುರಿಯಬೇಡಿ. ಬಕೆಟ್‌ನಲ್ಲಿ ಕದಡಿ, ತಳ ಕೂತ ಮೇಲಿನ ತಿಳಿಯನ್ನಷ್ಟೇ ಹಾಕಿ, ಇಲ್ಲದಿದ್ದರೆ ಸುಣ್ಣ ನಿಪ್ಪಲ್ ಕಟ್ಟುತ್ತದೆ. ಅರ್ಧ ತಾಸು ಬಿಟ್ಟು ಕುಡಿಸಿ. ತುದಿಯ ನಿಪ್ಪಲ್‌ನ ನೀರಿನಲ್ಲಿ ಕ್ಲೋರಿನ್ ಅಳೆಯುವ ಪಟ್ಟಿ ಅದ್ದಿದಾಗ 2-3 ಪಿಪಿಎಂ ಬರಬೇಕು. ಚೀಲ ಬಿಚ್ಚಿಟ್ಟು ತಿಂಗಳಾದ ಪುಡಿಯಲ್ಲಿ ಸುಣ್ಣ ಬಿಟ್ಟು ಏನೂ ಉಳಿದಿರುವುದಿಲ್ಲ.

ಪಿಎಚ್ 8.1ರಲ್ಲಿ ಹಾಕಿದ ಕ್ಲೋರಿನ್ನಿನ ಹೆಚ್ಚುಕಡಿಮೆ ಕಾಲುಭಾಗ ಮಾತ್ರ ಕೆಲಸ ಮಾಡುತ್ತದೆ. ಮೊದಲು ಸಿಟ್ರಿಕ್ ಆ್ಯಸಿಡ್‌ನಿಂದ 7ರ ಹತ್ತಿರ ಇಳಿಸಬೇಕು. ಎಷ್ಟು ಬೇಕು ಅನ್ನುವುದು ನಿಮ್ಮ ನೀರಿನ ಮೇಲೆ, 10 ಲೀಟರ್ ಬಕೆಟ್‌ನಲ್ಲಿ ಅರ್ಧರ್ಧ ಗ್ರಾಂ ಹಾಕುತ್ತಾ ಪಿಎಚ್ ಪಟ್ಟಿ ನೋಡಿ, ಆ ಲೆಕ್ಕವನ್ನು 50ರಿಂದ ಗುಣಿಸಿ. ತುಂಬಿದ ಟ್ಯಾಂಕಿಗೆ ಆ್ಯಸಿಡ್ ಹಾಕಿ ಕಲಕಿ, ಆಮೇಲೆ ಕ್ಲೋರಿನ್. ಎರಡನ್ನೂ ಒಂದೇ ಮಗ್ಗಿನಲ್ಲಿ ಕೂಡಿಸಿದರೆ ಏಳುವ ಹೊಗೆ ನಿಮ್ಮ ಪುಪ್ಪುಸವನ್ನೇ ಸುಡುತ್ತದೆ.

ಶೆಡ್ಡು ಖಾಲಿಯಾದ ಮೇಲೆ 50% ಹೈಡ್ರೋಜನ್ ಪೆರಾಕ್ಸೈಡ್ ಲೀಟರಿಗೆ 30 ಮಿ.ಲೀ. ಬೆರೆಸಿ ಲೈನು ತುಂಬಿ ಒಂದು ದಿನ ಬಿಡಿ. ಕೈಗವಸು, ಕನ್ನಡಕ ಬೇಕೇ ಬೇಕು. ತುದಿಯ ಗಾಳಿಪೈಪು ತೆರೆದಿರಲಿ, ಒಳಗೆ ಅನಿಲ ಎದ್ದು ಮುಚ್ಚಿದ ಲೈನು ಬಿರಿಯುತ್ತದೆ. ಮರುದಿನ ಕಿತ್ತು ಬಂದ ಲೋಳೆ ಪದರಪದರವಾಗಿ ಹೊರಬರುತ್ತದೆ, ನೀರು ತಿಳಿಯಾಗುವವರೆಗೆ ಬಿಡಿ. ಮುಂದಿನ ಬ್ಯಾಚಿಗೆ ಲಸಿಕೆ ನೀರಿನಲ್ಲಿ ಕೊಡುವುದಾದರೆ ಹಿಂದಿನ 24 ತಾಸು, ಮುಂದಿನ 24 ತಾಸು ಕ್ಲೋರಿನ್ ಬಂದ್. ಲೀಟರಿಗೆ 2.5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಮೊದಲು ಕದಡಿ, 20 ನಿಮಿಷ ಬಿಟ್ಟು ಲಸಿಕೆ. ಆಗಲೇ ಗೊರಗೊರ ಇರುವ ಹಿಂಡಿಗೆ ಲಸೋಟಾ ಮುಟ್ಟಿಸಬೇಡಿ.

ಫರಸಿ ನೆಲದ ಬಗ್ಗೆ ಯಾರೂ ಹೇಳಲಿಲ್ಲ. ಕಲ್ಲಿನ ಮೈ ನುಣುಪು, ತೊಳೆಯಲು ಸುಲಭ, ತೊಂದರೆ ಇರುವುದು ಸಂದಿನಲ್ಲಿ. ಹಳೆಯ ಶೆಡ್ಡಿನಲ್ಲಿ ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಕೆದಕಿದರೆ ಕಪ್ಪನೆಯ ಹಸಿ ರಾಡಿ ಬರುತ್ತದೆ, ಮೂರು ಬ್ಯಾಚಿನ ಹಿಂದಿನ ಹಿಕ್ಕೆ ಅದು. ಅದನ್ನು ಕೆದಕಿ ತೆಗೆದು, ಸೋಪಿನ ನೀರಿನಿಂದ ತಿಕ್ಕಿ, ಪೂರ್ತಿ ಒಣಗಿಸಿ, ಸಿಮೆಂಟ್ ತುಂಬಿ. ಕೊಳೆ ಇದ್ದಲ್ಲಿ ಯಾವ ಸೋಂಕುನಾಶಕವೂ ನಿಲ್ಲದು. ಬಾತ್‌ರೂಮ್ ಆ್ಯಸಿಡ್ ಮಾತ್ರ ಸುರಿಯಬೇಡಿ. ಇದು ಸುಣ್ಣದ ಕಲ್ಲು, ಬುರುಬುರು ನೊರೆ ಎದ್ದು ಕಲ್ಲನ್ನೇ ತಿನ್ನುತ್ತದೆ, ಮುಂದಿನ ಸಲ ಕೊಳೆ ಕೂರಲು ಹೊಸ ಕುಳಿ ಸಿದ್ಧ. ಬ್ಲೋ ಲ್ಯಾಂಪ್ ಹಿಡಿಯುವುದಾದರೆ ಒಣಗಿದ ಮೇಲೆ, ಒಂದೇ ಕಡೆ ನಿಲ್ಲಿಸದೆ. ಒದ್ದೆ ಫರಸಿ ಬೆಂಕಿಗೆ ಪದರ ಸಿಡಿಯುತ್ತದೆ. ಆಮೇಲೆ ಸುಣ್ಣ ಬಳಿದು 14 ದಿನ ಖಾಲಿ ಬಿಡಿ.

ಕಾಗಿಣಾ_ದಂಡಿ

31ನೇ ದಿನ 5, ಇವತ್ತು 3. ಡಾಕ್ಟರು ಬಂದು ನೋಡಿ ಔಷಧ ಬೇಡ ಅಂದರು. ಕೊನೆಯದೊಂದು: ತೊಗರಿ ಹೊಲದವರು ಗೊಬ್ಬರಕ್ಕೆ ಲಿಟರ್ ಕೇಳ್ತಿದ್ದಾರೆ. ರೋಗದ ಬ್ಯಾಚಿನದು ಕೊಡಬಹುದಾ?

ಆಳಂದ_ರಸ್ತೆ

ಹಸಿದೇ ಕೊಡಬ್ಯಾಡ್ರಿ. ಶೆಡ್ಡಿಂದ ದೂರ, ಗಾಳಿ ಹೋಗೋ ದಿಕ್ಕಿಗೆ, ನಾಲ್ಕು ಅಡಿ ಎತ್ತರ ಗುಪ್ಪಿ ಹಾಕಿ, ಹಿಚುಕಿದರ ಉಂಡಿ ಆಗೋವಷ್ಟು ನೀರು ಚಿಮುಕಿಸಿ ತಾಡಪತ್ರಿ ಮುಚ್ರಿ. ಮೂರು ದಿನಕ್ಕ ಒಳಗ ಕೈ ಇಡಾಕ ಆಗಬಾರದು, 55 ಡಿಗ್ರಿ ದಾಟಿರಬೇಕು. ವಾರಕ್ಕೊಮ್ಮೆ ಹೊರಗಿಂದು ಒಳಗ ಹೋಗೋಹಂಗ ತಿರುವಿ ಹಾಕ್ರಿ, ಒಂದೂವರೆ-ಎರಡು ತಿಂಗಳು. ಸತ್ತ ಕೋಳಿ ಅದರಾಗ ತುರುಕಬ್ಯಾಡ್ರಿ, ನಾಯಿ ಎಳದು ಊರತುಂಬ ಹಾಕ್ತಾವ. ಅವಕ್ಕ ಬೋರಿಂದ ದೂರ ಬ್ಯಾರೆ ಕುಣಿ, ಒಂದೊಂದು ಪದರಕ್ಕ ಸುಣ್ಣ, ಮ್ಯಾಲೆ ಮೂರು ಅಡಿ ಮಣ್ಣು. ತೊಗರಿಗೆ ಈಗೇನೂ ಬೇಕಾಗಿಲ್ಲ, ಕಾಯಿ ಕಟ್ಟ್ಯಾದ. ಮುಂದ ಮುಂಗಾರಿಗೆ ಹೊಲ ಹರಗುವಾಗ ಒಯ್ಯಲಿ.